ಕಾರ್ಡು ಜಾರದ ಹಾಗೆ

ದಂಡಿನಶಿವರ
18-12-1977

ಚಿರಂಜೀವಿ ತೋಂಟದಾರ್ಯನಿಗೆ ಅಕ್ಕ ಸುವರ್ಣಮ್ಮನ ಆಶೀರ್ವಾದ. ಇಲ್ಲಿ ನಾನೂ ನಿಮ್ಮ ಭಾವನೂ ಎದ್ದು ಓಡಾಡಿಕೊಂಡಿದ್ದೇವೆ.

ನೀನು ತುಮಕೂರು ಆಸ್ಪತ್ರೆಯಿಂದ ಕೆಂಕೆರೆಗೆ ಬಂದು ಇಪ್ಪತ್ತು ದಿನವಾಯಿತೆಂದು ಮಂಗಳ ಬರೆದಿದ್ದಳು. ಗಾಯ ಒಣಗಿದೆ, ಊಟ ಕಡಿಮೆ, ಮಾತು ಅದಕ್ಕಿಂತ ಕಡಿಮೆ ಎಂದೂ ಬರೆದಿದ್ದಳು. ಹೆಂಡತಿ ಚಾಡಿ ಹೇಳಿದಳೆಂದು ಅವಳ ಮೇಲೆ ರೇಗಬೇಡ. ಕೇಳಿದವಳು ನಾನು.

ಇಲಾಖೆಯ ಕಾಗದದ ವಿಷಯವೂ ತಿಳಿಯಿತು. ಮೇ ಮುಗಿಯುವ ತನಕ ರಜೆ. ಜೂನ್ ಒಂದನೇ ತಾರೀಖು ಸ್ಕೂಲ್ ಇನ್‌ಸ್ಪೆಕ್ಟರ ಎದುರಿಗೆ ನೀನು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಬರೆದರೆ ಮೇಷ್ಟರ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಅಶಕ್ತ ಎಂದು ಮನೆಗೆ ಕಳಿಸುತ್ತಾರೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವನಿಗೆ ಒಂದು ದಿನದ ಪರೀಕ್ಷೆ. ಬಲಗೈ ಮಣಿಕಟ್ಟಿನಿಂದ ಹೋಗಿದೆ, ಎಡಗೈಗೆ ಬಳಪ ಹಿಡಿದು ಗೊತ್ತಿಲ್ಲ. ಇಷ್ಟನ್ನೂ ಒಟ್ಟಿಗೆ ನೋಡಿದರೆ ಯಾರಿಗಾದರೂ ಎದೆ ಕುಸಿಯುತ್ತದೆ. ಒಟ್ಟಿಗೆ ನೋಡಬೇಡ ಎಂದು ಹೇಳುವುದಕ್ಕೇ ಈ ಕಾಗದ.

ನಾನು ಅಕ್ಷರ ಕಲಿತದ್ದು ನಿನಗೆ ನೆನಪಿರಲಾರದು. ನನ್ನ ಎರಡನೇ ಬಾಣಂತನಕ್ಕೆ ತವರಿಗೆ ಬಂದಾಗ ನಿನಗೆ ಏಳು ವರ್ಷ. ಶಾಲೆಯಿಂದ ಬಂದವನು ಸ್ಲೇಟು ಒರೆಸದೆ ಮೂಲೆಗೆಸೆದು ಆಡಲು ಓಡುತ್ತಿದ್ದೆ. ಅದರ ಮೇಲೆ ಉಳಿದ ಅಕ್ಷರವನ್ನು ನಾನು ಒಲೆಯ ಬೂದಿಯಲ್ಲಿ ಬೆರಳಿನಿಂದ ತಿದ್ದುತ್ತಿದ್ದೆ. ವಾರಕ್ಕೆ ಒಂದೇ ಅಕ್ಷರ. ಆ ವಾರ ಪೂರ್ತಿ ಎಲ್ಲಿ ನೋಡಿದರೂ ಅದೇ, ಹಸುವಿನ ಕೊಂಬಿನಲ್ಲಿ, ಸೇದುವ ಹಗ್ಗದ ಸುತ್ತಿನಲ್ಲಿ. ಐವತ್ತೂ ಅಕ್ಷರ ಒಂದೇ ದಿನ ಎದುರಿಗೆ ಬಂದು ನಿಂತಿದ್ದರೆ, ಮಗುವಿಗೆ ಹಾಲು ಕುಡಿಸಬೇಕು ಎಂದು ನೆಪ ಹೇಳಿ ಎದ್ದು ಹೋಗುತ್ತಿದ್ದೆ.

ಆದ್ದರಿಂದ ಮೊದಲ ವಾರ ಅಕ್ಷರ ಬೇಡ. ಇದ್ದಿಲು ಹಿಡಿದು ಹಿತ್ತಿಲ ಗೋಡೆಯ ಮೇಲೆ ನೆಟ್ಟಗೆ ಗೆರೆ ಎಳೆ. ದಿನಕ್ಕೆ ಹತ್ತು ಸಾಕು. ಎರಡನೇ ವಾರ ಸೊನ್ನೆ. ಸೊನ್ನೆ ಬಂದವನಿಗೆ ಕನ್ನಡ ಅರ್ಧ ಬಂದ ಹಾಗೆ. ಜೂನ್ ತಿಂಗಳನ್ನು ನೀನು ನೋಡಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಮುಂದಿನ ಕಾಗದದಲ್ಲಿ ಒಂದು ಪದ ನಿನ್ನ ಕೈಯದೇ ಇರಲಿ. ಒಂದೇ.

ದೀಪಾವಳಿಯ ಮಾರನೆಯ ದಿನದಿಂದ ನಿಮ್ಮ ಭಾವ ನಾರಿನ ಮಿಷನ್ನನ್ನು ಓಡಿಸಿಲ್ಲ. ತೆಂಗಿನ ಸಿಪ್ಪೆ ಹಿತ್ತಿಲಲ್ಲಿ ಗುಡ್ಡೆ ಬಿದ್ದಿದೆ. ನಿನ್ನ ಕೈ ಹೋದ ಜಾಗವನ್ನು ನೋಡಲು ನಮಗೂ ಆಗುತ್ತಿಲ್ಲ. ಆ ದಿನದ ಮಾತು ಈಗ ಬೇಡ.

ನಿನ್ನ ಅಕ್ಕ
ಸುವರ್ಣಮ್ಮ


ಕೆಂಕೆರೆ
2-1-1978

ಅಕ್ಕನಿಗೆ ತೋಂಟದಾರ್ಯನ ಶರಣು.

ನಾನು ಹೇಳುತ್ತಿದ್ದೇನೆ, ಮಂಗಳ ಬರೆಯುತ್ತಿದ್ದಾಳೆ. ನಿನ್ನ ಕಾಗದ ಬಂತು. ಗೆರೆ ಎಳೆದೆ. ಸೊನ್ನೆಯೂ ಆಯಿತು, ಕೆಲವು ಹಲಸಿನ ಬೀಜದ ಹಾಗೆ ಬಂದವು. ಏಳನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದವನು ಗೋಡೆಗೆ ಮಸಿ ಬಳಿಯುವುದನ್ನು ನೋಡಲು ಪಕ್ಕದ ಮನೆಯ ಚಿಕ್ಕರಂಗಯ್ಯ ಬೇಲಿಗೆ ಬಂದು ನಿಲ್ಲುತ್ತಾನೆ. "ಎಲ್ರೂ ಸುಣ್ಣ ಬಳೀತಾರೆ, ನೀವೇನು ಮೇಷ್ಟ್ರೇ ಇದ್ದಿಲು ಬಳೀತಿದೀರಿ?" ಎಂದ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಶಾಲೆಯ ಹುಡುಗರು ನೋಡಲು ಬರುತ್ತಾರೆ. ಮಲಗಿದ್ದಾರೆ ಎಂದು ಹೇಳಿ ಕಳಿಸು ಎಂದಿದ್ದೇನೆ.

ನೀನು ಕೇಳಿದ ಒಂದು ಪದ ಕೆಳಗಿದೆ.

ಅಕ್ಕ


ದಂಡಿನಶಿವರ
11-1-1978

ಚಿರಂಜೀವಿ ತೋಂಟನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಪಕ್ಕದ ಮನೆಯ ಕೊಲ್ಲಾಪುರಮ್ಮನಿಗೆ ತೋರಿಸಿದೆ. ಅವಳಿಗೆ ಓದಲು ಬಾರದು, ಆದರೂ ಬಗ್ಗಿ ನೋಡಿ, "ಏನಕ್ಕೋ, ಮದ್ವೆಯಾದ ಹೊಸದ್ರಾಗೆ ಗಂಡ ಕಾಗ್ದ ಬರೆದಿದ್ರೂ ನೀನು ಇಷ್ಟು ಕುಣಿತಿರ್ಲಿಲ್ವೇನೋ" ಎಂದಳು. ಜಗಲಿಯ ಮೇಲಿದ್ದ ನಿಮ್ಮ ಭಾವ ಕೇಳಿಸದವರ ಹಾಗೆ ಪೇಪರು ತಿರುವಿದರು.

ಆ ಪದವನ್ನು ಎಷ್ಟು ಸಲ ನೋಡಿದೆನೋ. ಮೊದಲ ಅಕ್ಷರ ಬಲಕ್ಕೆ ವಾಲಿದೆ, ಒತ್ತಕ್ಷರ ಕೆಳಗೆ ಎಲ್ಲೋ ಉಳಿದುಬಿಟ್ಟಿದೆ. ವಾಲಲಿ ಬಿಡು. ಮೂರು ವಾರದ ಹಿಂದೆ ಇದು ಇರಲಿಲ್ಲ, ಈಗ ಇದೆ.

ಇನ್ನು ಸ್ವರಗಳು. ಶಿವರಾತ್ರಿಗೆ ಎಂಟು ವಾರವಿದೆ. ವಾರಕ್ಕೆ ಎರಡು ಅಕ್ಷರದ ಹಾಗೆ ಹಿಡಿದರೆ ಹಬ್ಬಕ್ಕೆ ಮೊದಲೇ ಮುಗಿಯುತ್ತದೆ. ಒಂದು ದಿನ ತಪ್ಪಿದರೆ ಮಾರನೆಯ ದಿನ ಎರಡರಷ್ಟು ಮಾಡಲು ಹೋಗಬೇಡ. ತಪ್ಪಿದ್ದು ತಪ್ಪಿತು, ಆ ದಿನದ್ದು ಆ ದಿನಕ್ಕೆ. ಸಾಲ ತೀರಿಸುವವರ ಹಾಗೆ ಕೂತರೆ ಯಾವ ಕೆಲಸವೂ ಬೇಸರ ಬರುತ್ತದೆ.

ಬಸ್ಸಿನವರ ಕೈಯಲ್ಲಿ ಎಳ್ಳು ಬೆಲ್ಲ ಕಳಿಸಿದ್ದೇನೆ. ಮಂಗಳನಿಗೂ ಕೊಡು, ಡಬ್ಬಿ ನಿನ್ನ ತಲೆದೆಸೆಯಲ್ಲೇ ಇಟ್ಟುಕೊಳ್ಳಬೇಡ.

ಸುವರ್ಣಮ್ಮ


ಕೆಂಕೆರೆ
6-2-1978

ಅಕ್ಕನಿಗೆ ಶರಣು. ಈ ಕಾರ್ಡು ಪೂರ್ತಿ ನನ್ನ ಎಡಗೈಯದು. ಸ್ವರಗಳು ಮುಗಿದವು. ನೀನು ಹೇಳಿದ್ದಕ್ಕಿಂತ ಬೇಗನೆ ಆಯಿತು. ಕೈ ನೋಯುತ್ತದೆ, ಆದರೆ ಬರುತ್ತದೆ. ನೀನು ಚಿಂತೆ ಮಾಡಬೇಡ. ಇಲ್ಲಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡ. ಭಾವನಿಗೆ ಶರಣು. ತೋಂಟದಾರ್ಯ.


ದಂಡಿನಶಿವರ
22-2-1978

ಚಿರಂಜೀವಿ ತೋಂಟನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾರ್ಡು ಬಂದು ಹತ್ತು ದಿನಕ್ಕೂ ಮೇಲಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕೋಪದಿಂದ ಬರೆಯುತ್ತಿಲ್ಲ.

ಮೊನ್ನೆ ಮಧ್ಯಾಹ್ನ ಕೊಲ್ಲಾಪುರಮ್ಮ ಜಗಲಿಗೆ ಬಂದಳು. ನಿನ್ನ ಕಾರ್ಡನ್ನು ಮತ್ತೆ ತೋರಿಸಿದೆ. "ಎಡಗೈಲಿ ಬರ್ಯೋದು ಅಂದ್ರೆ ಏನಕ್ಕ ಅಂಥ ಕಷ್ಟ? ಅದೂ ಕೈನೇ ತಾನೆ" ಎಂದಳು. ತೋರಿಸ್ತೀನಿ ಇರು ಎಂದು ಒಂದು ಖಾಲಿ ಕಾರ್ಡು ತಂದೆ. ಬಲಗೈಯನ್ನು ಬೆನ್ನ ಹಿಂದೆ ಮಡಿಸಿ ಸೆರಗಿನಿಂದ ಕಟ್ಟು ಎಂದೆ, ಕಟ್ಟಿದಳು. ಮಣೆಯ ಮೇಲೆ ಕಾರ್ಡು ಇಟ್ಟು ಎಡಗೈಯಲ್ಲಿ ಪೆನ್ನು ಹಿಡಿದೆ.

ಕಾರ್ಡು ಜಾರಿತು. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು, ಅದು ಇಲ್ಲ. ಮೊಣಕೈ ಊರಿದೆ, ಅಡ್ಡ ತಿರುಗಿತು. ಮಂಡಿಯಿಂದ ಒತ್ತಿದೆ, ಮಡಚಿತು. ಕೊನೆಗೆ ಕೊಲ್ಲಾಪುರಮ್ಮ ನಗುತ್ತಾ ಒಳಗಿನಿಂದ ರಾಗಿ ಅಳೆಯುವ ಸೇರು ತಂದು ಕಾರ್ಡಿನ ಮೂಲೆಯ ಮೇಲೆ ಇಟ್ಟಳು. ಆಮೇಲೆ ಬರೆದೆ. ನಿನ್ನ ಹೆಸರು, ಅಷ್ಟೇ. ಬೆವರು ಕಿತ್ತು ಬಂತು. ತಿರುಗಿಸಿದರೆ ಕಾರ್ಡಿನ ಹಿಂದೆ ಒಂದೊಂದು ಗೆರೆಯೂ ಬೆರಳಿಗೆ ಸಿಗುವಷ್ಟು ಉಬ್ಬಿತ್ತು. ಕಲಿಯುವ ಕೈ ಹಾಗೆಯೇ ಒತ್ತುವುದು. ಬೂದಿಯಲ್ಲಿ ತಿದ್ದುವಾಗ ನನ್ನ ಬೆರಳು ನೆಲದವರೆಗೂ ಇಳಿಯುತ್ತಿತ್ತು.

ಆಗ ನಿನ್ನ ಕಾರ್ಡನ್ನು ತಿರುಗಿಸಿದೆ. ಹಿಂಭಾಗ ನುಣ್ಣಗಿತ್ತು. ಅಕ್ಷರ ಸೊಟ್ಟ, ಒತ್ತಿದ ಗುರುತು ಮಾತ್ರ ಇಲ್ಲವೇ ಇಲ್ಲ. ಮಂಗಳ ಬರೆದ ಹಳೆಯ ಕಾಗದಗಳನ್ನೂ ತಿರುಗಿಸಿ ನೋಡಿದೆ. ಅವಳ ಕೈ ಬಲು ಹಗುರ.

ಕೊಲ್ಲಾಪುರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾಕಕ್ಕ ಸುಮ್ಕಾದೆ?" ಎಂದಳು. ಕೈ ನೋವು ಎಂದೆ.

ತೋಂಟ, ನಿನಗೆ ಅಷ್ಟು ಸುಲಭವಾಗಿ ಗೆರೆ ಎಳೆ, ಸೊನ್ನೆ ಬರೆ ಎಂದು ಬರೆದ ನಾನು ಒಂದು ದಿನವೂ ಅದನ್ನು ಮಾಡಿ ನೋಡಿರಲಿಲ್ಲ. ಮಾಡಿದ್ದರೆ ಮೊದಲ ಕಾಗದದಲ್ಲೇ ಭಾರ ಇಡುವ ಮಾತು ಬರೆಯುತ್ತಿದ್ದೆ. ಅದು ನನ್ನ ತಪ್ಪು. ನಿನ್ನದನ್ನು ನೀನು ಹೇಳು. ಮಂಗಳನನ್ನು ಬೈಯಬೇಡ. ಕೈ ನಡುಗಿಸಿ ಬರೆಯಲು ಅವಳಿಗೆ ಎಷ್ಟು ಸಂಕಟವಾಗಿರಬೇಕು.

ಸುವರ್ಣಮ್ಮ


ಕೆಂಕೆರೆ
12-3-1978

ಅಕ್ಕನಿಗೆ ಶರಣು.

ಈ ಕಾಗದ ಮಂಗಳ ತನ್ನ ಅಕ್ಷರದಲ್ಲೇ ಬರೆಯುತ್ತಿದ್ದಾಳೆ. ಎಲ್ಲವೂ ಅವಳದೇ, ಮೊದಲ ಪದವೂ. ಗೋಡೆಯ ಮೇಲೆ ಒಂದು ಗೆರೆಯೂ ಇಲ್ಲ. ಚಿಕ್ಕರಂಗಯ್ಯ ಬೇಲಿಗೆ ಬಂದದ್ದೂ ಸುಳ್ಳು. ನೀನು ಸಂತೋಷವಾಗಿರಲಿ ಎಂದು ಹೇಳಿಸಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೀನು ಬಂದು ನೋಡದೆ ಇರಲಿ ಎಂದು ಹೇಳಿಸಿದೆ.

ನಿಜವಾದ ಮಾತು ಇದು. ದೀಪಾವಳಿಯಿಂದ ನಾನು ಲಿಂಗಪೂಜೆ ಮಾಡಿಲ್ಲ. ಕೊರಳಿನ ಕರಡಿಗೆ ತೆರೆದೇ ಇಲ್ಲ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ವಿಭೂತಿ ಇಡುವ ಕೈ ಇಲ್ಲ, ಪತ್ರೆ ಏರಿಸುವ ಕೈ ಇಲ್ಲ. ಅದೂ ಅಲ್ಲದೆ ಈಗ ತೊಳೆದುಕೊಳ್ಳುವ ಕೈಯೂ ಅದೇ, ಉಣ್ಣುವ ಕೈಯೂ ಅದೇ. ಆ ಕೈಯಲ್ಲಿ ಲಿಂಗವನ್ನು ಹೇಗೆ ಹಿಡಿಯಲಿ? ಪೂಜೆ ಇಲ್ಲದೆ ಬಾಯಿಗೆ ನೀರು ಹಾಕದ ಮನೆಯಲ್ಲಿ ಹುಟ್ಟಿದವನು ನಾಲ್ಕು ತಿಂಗಳಿಂದ ಕದ್ದವನ ಹಾಗೆ ಉಣ್ಣುತ್ತಿದ್ದೇನೆ. ಬಳಪ ಹಿಡಿಯೋಣ ಎಂದು ಎರಡು ಸಲ ಕೂತೆ. ಲಿಂಗಕ್ಕೆ ಕೊಡದ ಕೈಯನ್ನು ಬಳಪಕ್ಕೆ ಕೊಡುತ್ತೀಯಾ ಎಂದು ಮನಸ್ಸು ಕೇಳಿತು. ಎದ್ದುಬಿಟ್ಟೆ.

ಶಿವರಾತ್ರಿಯ ದಿನ ಎಲ್ಲರೂ ಒಳಗೆ ಪೂಜೆಗೆ ಕೂತಿದ್ದರು. ನಾನು ಹೊರಗೆ ದನದ ಕೊಟ್ಟಿಗೆಯಲ್ಲಿ ಇದ್ದೆ.

ತೋಂಟದಾರ್ಯ

ಅತ್ತಿಗೆಮ್ಮ, ಇದು ನಾನು ಮಂಗಳ ಬರೆದದ್ದು. ನನ್ನನ್ನು ಕ್ಷಮಿಸಿ. ಅವರು ಹೇಳಿದ್ದಕ್ಕೆ ಬರೆದೆ. ಬರೆಯುವಾಗಲೆಲ್ಲ ನಿಮ್ಮ ಮುಖ ಕಾಣುತ್ತಿತ್ತು.


ದಂಡಿನಶಿವರ
20-3-1978

ಚಿರಂಜೀವಿ ತೋಂಟನಿಗೂ ಮಂಗಳನಿಗೂ ಆಶೀರ್ವಾದ.

ನಿನ್ನ ಕಾಗದ ಓದಿ ಮಠದ ಶಂಭುಲಿಂಗಯ್ಯನವರ ಹತ್ತಿರ ಹೋದೆ. ಅಂಗಳದಲ್ಲಿ ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಇಡುತ್ತಿದ್ದರು. ತಲೆ ಎತ್ತದೆಯೇ ಎಲ್ಲ ಕೇಳಿದರು.

"ತೊಳ್ಕೊಳ್ಳೋ ಕೈಯಂತೆ ಅಯ್ಯೋರೆ, ಅದ್ರಾಗೆ ಲಿಂಗ ಹಿಡಿಯಾಕಿಲ್ಲ ಅಂತಾನೆ" ಎಂದೆ.

"ಇಷ್ಟು ವರ್ಷ ಯಾವ ಕೈಲಿ ಹಿಡಿದಿದ್ದನಂತೆ?"

"ಎಡಗೈಲೇ."

"ಅವಾಗ್ಲೂ ತೊಳ್ಕೊಂತಿದ್ದುದು ಅದೇ ಕೈ ತಾನೇ?"

ಅವರೇ ಮುಂದುವರಿಸಿದರು. "ಬಲಗೈ ಅನ್ನೋದು ಪತ್ರೆ ಏರಿಸೋ ಆಳು ಕಣವ್ವ. ಆಳು ಕೆಲ್ಸ ಬುಟ್ಟೋದ. ಸ್ವಾಮಿ ಕುಂತಿದ್ದ ಮನೆ ಹಂಗೇ ಐತಲ್ಲ. ಮನೆ ಬಾಗ್ಲು ಯಾಕೆ ಹಾಕ್ಕೊಂಡ?"

"ಪತ್ರೆ ಏರಿಸೋರು ಯಾರು ಮತ್ತೆ?"

"ಹೆಂಡ್ತಿ ಕೊರಳಾಗೂ ಲಿಂಗ ಐತೋ ಇಲ್ವೋ? ಆ ಅಮ್ಮನ ಕೈ ಇನ್ಯಾರದು? ಹೋಗು, ಬರೆದು ಹಾಕು" ಎಂದು ಒಂದು ವಿಭೂತಿ ಗಟ್ಟಿ ಕೊಟ್ಟರು. ಕಾಗದದ ಜೊತೆ ಕಳಿಸಿದ್ದೇನೆ. ದಾರಿಯಲ್ಲಿ ಪುಡಿಯಾಗಿದ್ದರೂ ಬಳಕೆಗೆ ಬರುತ್ತದೆ.

ನಾನು ಇಷ್ಟು ದಿನ ನಿನ್ನ ಕೆಲಸವನ್ನು ಸಣ್ಣ ಸಣ್ಣದಾಗಿ ಒಡೆದು ಕಳಿಸುತ್ತಿದ್ದೆ. ಗೆರೆ, ಸೊನ್ನೆ, ಸ್ವರ ಎಂದು. ಒಡೆದದ್ದೇನೋ ಸರಿ, ಒಡೆದ ಕೆಲಸವೇ ಬೇರೆ. ನಿನ್ನ ಮೊದಲ ಮೆಟ್ಟಿಲು ಎಲ್ಲಿದೆ ಎಂದು ನಿನ್ನನ್ನು ಕೇಳದೆ ನಾನೇ ಇಲ್ಲಿ ಕೂತು ಕಟ್ಟಿದೆ. ಈಗ ಕೇಳು. ಬಳಪ ಬೇಡ, ಇದ್ದಿಲು ಬೇಡ, ಜೂನ್ ತಿಂಗಳ ಮಾತೇ ಬೇಡ. ನಾಳೆ ಬೆಳಿಗ್ಗೆ ಮಿಂದು ಕರಡಿಗೆ ತೆರೆದು ಅಂಗೈಯಲ್ಲಿ ಇಟ್ಟುಕೋ. ಪೂಜೆಯೂ ಬೇಡ. ನೋಡಿಕೊಂಡು ಕೂತು, ಮತ್ತೆ ಒಳಗೆ ಇಡು. ಅಷ್ಟು ಮಾಡಿದರೆ ಆ ದಿನದ ಕೆಲಸ ಆಯಿತು. ವಿಭೂತಿ ಮಾರನೆಯ ದಿನಕ್ಕೆ. ಪತ್ರೆ ಅದರ ಮಾರನೆಯ ದಿನಕ್ಕೆ.

ಸುವರ್ಣಮ್ಮ


ಕೆಂಕೆರೆ
14-4-1978

ಅಕ್ಕನಿಗೆ ಶರಣು. ಮಂಗಳ ಬರೆಯುತ್ತಿದ್ದಾಳೆ.

ಮೊದಲ ದಿನ ಕರಡಿಗೆ ತೆರೆಯಲು ಆಗಲಿಲ್ಲ. ಒಂದು ಕೈಯಿಂದ ಅದರ ಮುಚ್ಚಳ ಬರುವುದಿಲ್ಲ. ಇವಳನ್ನು ಕರೆಯಲು ಬಾಯಿ ಬರಲಿಲ್ಲ, ಎದ್ದುಬಿಟ್ಟೆ. ಎರಡನೇ ದಿನ ಕರೆದೆ. ಇವಳು ಮುಚ್ಚಳ ತೆಗೆದಳು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಮೂರನೇ ದಿನ ಇವಳು ವಿಭೂತಿ ಇಟ್ಟಳು, ನೀರು ಹೆಚ್ಚಾಗಿ ನನ್ನ ಪಂಚೆಯೆಲ್ಲ ಒದ್ದೆಯಾಯಿತು. "ನಿಧಾನ ಕಣೇ" ಎಂದೆ. "ನಾನೂ ಕಲೀಬೇಕಲ್ರೀ" ಎಂದಳು. ಅವತ್ತು ಮಧ್ಯಾಹ್ನ ಊಟ ರುಚಿಸಿತು.

ಯುಗಾದಿಯ ಮಾರನೆಯ ದಿನ ಯಾರೂ ಹೇಳದೆ ಗೆರೆ ಎಳೆದೆ. ಈ ಸಲ ಚಿಕ್ಕರಂಗಯ್ಯ ನಿಜವಾಗಿ ಬಂದ. ಏನೂ ಆಡಿಕೊಳ್ಳಲಿಲ್ಲ. "ಇದ್ದಿಲು ಸಾಕಾ ಮೇಷ್ಟ್ರೇ, ನಮ್ಮನೇಲಿ ಐತೆ" ಎಂದು ಒಂದು ಮಂಕರಿ ತಂದಿಟ್ಟು ಹೋದ.

ಈಗ ಶಾಲೆಗೆ ಬೇಸಿಗೆ ರಜೆ. ಬೀಗದ ಕೈ ಹೆಡ್‌ಮಾಸ್ಟರ ಮನೆಯಲ್ಲಿದೆ. ಹೋಗಿ ಕೇಳಲು ಧೈರ್ಯವಾಗಿಲ್ಲ. ಶಾಲೆಯ ಬಾಗಿಲ ತನಕ ಹೋಗಿ ಎರಡು ಸಲ ವಾಪಸು ಬಂದಿದ್ದೇನೆ. ಮೂರನೇ ಸಲ ಕಿಟಕಿಯಿಂದ ಬೋರ್ಡು ನೋಡಿದೆ.

ಕೆಳಗಿನದನ್ನು ತಿರುಗಿಸಿ ನೋಡಬಹುದು. ಕಾಗದದ ಮೇಲೆ ಸೇರು ಇಟ್ಟು ಬರೆದದ್ದು.

ಅಕ್ಕ ಇದು ನಾನು
ಯಾಕೆ ಇಷ್ಟು ಕಷ್ಟ ಪಡ್ತೀ ನನಗಾಗಿ


ದಂಡಿನಶಿವರ
30-4-1978

ಚಿರಂಜೀವಿ ತೋಂಟನಿಗೆ ಆಶೀರ್ವಾದ.

ತಿರುಗಿಸಿ ನೋಡಿದೆ. ಬೆರಳಾಡಿಸಿದೆ. ಎರಡನೇ ಸಾಲಿನಲ್ಲಿ ಕಾಗದ ಹರಿದಿದೆ. ನಿಮ್ಮ ಭಾವನೂ ಮುಟ್ಟಿ ನೋಡಿ ಒಳಗೆ ಹೋದರು.

ಯಾಕೆ ಎಂದು ಕೇಳಿದ್ದೀಯ. ಇನ್ನು ಮುಚ್ಚಿಡಲಾರೆ.

ಹಬ್ಬದ ದಿನ ಮಿಷನ್ ಓಡಿಸುವುದು ಬೇಡ ಎಂದು ನಿಮ್ಮ ಭಾವ ಹೇಳಿ ತೋಟಕ್ಕೆ ಹೋಗಿದ್ದರು. ಒಂದು ಗಾಡಿ ಸಿಪ್ಪೆ ನೆನೆದು ಕೂತಿತ್ತು. ಎರಡು ಆಳುಗಳು ಬಂದಿದ್ದರು, ಮುಗಿಸಿಯೇಬಿಡೋಣ ಎಂದು ಇಂಜಿನ್ ಹಾಕಿಸಿದವಳು ನಾನು. ಅರ್ಧಕ್ಕೆ ಸಿಪ್ಪೆ ಕಚ್ಚಿಕೊಂಡು ನಿಂತಿತು. ನೀನು ಜಗಲಿಯ ಮೇಲೆ ಹೊಸ ಪಂಚೆ ಉಟ್ಟು ಪೇಪರು ಓದುತ್ತಿದ್ದೆ. "ತೋಂಟ, ಇದ್ಯಾಕೋ ಕಚ್ಕೊಂಡೈತೆ, ಬಂದು ನೋಡೋ" ಎಂದು ಕರೆದೆ. ನೀನು ಕೈ ಹಾಕುವುದು ಕಂಡಿತು. "ಮೊದ್ಲು ಬೆಲ್ಟು ಬಿಚ್ಚೋ" ಎಂದು ನಿಂತಲ್ಲಿಂದಲೇ ಕೂಗಿದೆ. ಇಂಜಿನ್ ಸದ್ದಿಗೆ ನಿನಗೆ ಕೇಳಿಸಲಿಲ್ಲ. ಆರು ಹೆಜ್ಜೆ ನಡೆದು ಬಂದು ಹೇಳಬೇಕಾಗಿತ್ತು. ಆಮೇಲೆ ಎಷ್ಟೋ ದಿನ ಎಣಿಸಿದ್ದೇನೆ. ಆರೇ ಹೆಜ್ಜೆ.

ನಿನಗೆ ಕೆಲಸವನ್ನು ದಿನಕ್ಕಿಷ್ಟು ಎಂದು ಹಂಚಿ ಕೊಡುವ ನನಗೆ, ಆ ಒಂದು ಗಾಡಿ ಸಿಪ್ಪೆಯನ್ನು ಎರಡು ದಿನಕ್ಕೆ ಹಂಚಲು ತೋಚಲಿಲ್ಲ.

ಈ ಮಾತನ್ನು ಒಂದೊಂದು ಕಾಗದದಲ್ಲಿ ಸ್ವಲ್ಪ ಸ್ವಲ್ಪ ಬರೆಯೋಣ ಎಂದು ಪ್ರತಿ ಸಲವೂ ಕೂರುತ್ತಿದ್ದೆ. ಆಗಲಿಲ್ಲ. ಇದು ತುಂಡು ಮಾಡಿ ಹೇಳುವಂಥದಲ್ಲ. ಅದಕ್ಕೆ ಇವತ್ತು ಒಟ್ಟಿಗೆ ಬರೆದೆ. ನೀನು ಏನಂದರೂ ಕೇಳುತ್ತೇನೆ.

ಸುವರ್ಣಮ್ಮ


ಕೆಂಕೆರೆ
16-5-1978

ಅಕ್ಕ, ಶರಣು.

ಇದು ಪೂರ್ತಿ ನನ್ನ ಕೈ. ಮೂರು ದಿನದಿಂದ ಬರೆಯುತ್ತಿದ್ದೇನೆ. ಈ ಮಾತನ್ನು ಮಂಗಳನ ಕೈಯಲ್ಲಿ ಬರೆಸಬಾರದು.

ನೀನು ಕೂಗಿದ್ದು ಕೇಳಿಸಿತು.

ಚೆನ್ನಾಗಿಯೇ ಕೇಳಿಸಿತು. ಬೆಲ್ಟು ಬಿಚ್ಚಬೇಕೆಂದು ನನಗೂ ಗೊತ್ತಿತ್ತು. ಎರಡು ನಿಮಿಷದ ಕೆಲಸ. ಆಳುಗಳು ನೋಡುತ್ತಿದ್ದರು. ಮೇಷ್ಟರಿಗೆ ಮಿಷನ್ ಕಂಡರೆ ಹೆದರಿಕೆ ಅನ್ನುತ್ತಾರೆ ಎಂದುಕೊಂಡೆ. ಕೈ ಹಾಕಿದೆ.

ಆಸ್ಪತ್ರೆಯಲ್ಲಿ ನೀನು ನನ್ನ ಮುಖ ನೋಡದೆ ಕೂತಿರುತ್ತಿದ್ದೆ. ಯಾಕೆಂದು ತಿಳಿಯುತ್ತಿತ್ತು. ಅವಾಗ ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ನಿನ್ನದು ಅಂದುಕೊಂಡರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಹಾಗೇ ಬಿಟ್ಟೆ. ನೀನು ಬರೆದ ಒಂದೊಂದು ಕಾಗದವೂ ಬಂದಾಗ, ಇವತ್ತು ಹೇಳೋಣ ಎಂದುಕೊಂಡು ಬಿಟ್ಟೆ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ತೋಂಟದಾರ್ಯ


ದಂಡಿನಶಿವರ
24-5-1978

ತೋಂಟದಾರ್ಯನಿಗೆ,

ಕಾಗದ ಬಂತು. ಓದಿದೆ. ನಿಮ್ಮ ಭಾವನಿಗೆ ಓದಿ ಹೇಳಲಿಲ್ಲ.

ಆರು ತಿಂಗಳು ಆ ಹೆಜ್ಜೆಗಳನ್ನು ನಾನು ದಿನಾ ನಡೆದಿದ್ದೇನೆ. ಹಿತ್ತಿಲ ಬಾಗಿಲು ತೆಗೆದಾಗ, ಸೌದೆ ತರಲು ಹೋದಾಗ. ನಡೆಯುವುದು ಬೇಕಾಗಿಲ್ಲ ಎಂದು ನಿನಗೆ ಗೊತ್ತಿತ್ತು. ನನಗೆ ಕೋಪ ಬಂದಿದೆ. ಕೈ ಹೋದವನು, ಚಿಕ್ಕವನು ಎಂದು ನುಂಗಿಕೊಂಡರೆ ಅದೂ ಮಂಗಳ ನಡುಗಿಸಿ ಬರೆದ ಕಾರ್ಡಿನ ಹಾಗೆಯೇ ಆಗುತ್ತದೆ. ಇಳಿಯಲು ಎಷ್ಟು ದಿನ ಬೇಕೋ ಕಾಣೆ.

ಕೋಪ ಬೇರೆ, ಒಂದನೇ ತಾರೀಖು ಬೇರೆ. ಇನ್ನು ಎಂಟು ದಿನವಿದೆ. ಹೊಸದೇನೂ ಕಲಿಯಬೇಡ. ಹೆಡ್‌ಮಾಸ್ಟರ ಮನೆಗೆ ಹೋಗಿ ಬೀಗದ ಕೈ ಕೇಳು. ಬರುವ ಅಕ್ಷರವನ್ನೇ ಬೋರ್ಡಿನ ಮೇಲೆ ದಿನಕ್ಕೆ ಐದು ಸಾಲು ಬರೆ. ಮೂವತ್ತೊಂದರಂದು ಕೈಗೆ ರಜೆ ಕೊಡು. ಒಂದನೇ ತಾರೀಖು ಪೂಜೆ ಮುಗಿಸಿ ಏನಾದರೂ ತಿಂದು ಹೋಗು. ಬರಿ ಹೊಟ್ಟೆಯಲ್ಲಿ ನಿಂತರೆ ಕೈ ನಡುಗುತ್ತದೆ.

ಸುವರ್ಣಮ್ಮ


ಕೆಂಕೆರೆ
4-6-1978

ಅಕ್ಕನಿಗೆ ತೋಂಟದಾರ್ಯನ ಶರಣು.

ಕೋಪ ಇಳಿಯಿತೇ ಎಂದು ಕೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಉದ್ದವಿರುವುದರಿಂದ ಮಂಗಳ ಬರೆಯುತ್ತಿದ್ದಾಳೆ. ಕೊನೆಯದನ್ನು ನಾನು ಬರೆಯುತ್ತೇನೆ.

ಬೀಗದ ಕೈ ಕೇಳಲು ಹೋದಾಗ ಹೆಡ್‌ಮಾಸ್ಟರು, "ಒಂದೂವರೆ ತಿಂಗಳಿಂದ ಬಾಗಿಲ ತನಕ ಬಂದು ಹೋಗ್ತಿದೀರಿ ಅಂತ ಗೊತ್ತಿತ್ತು, ನೀವೇ ಕೇಳ್ಲಿ ಅಂತ ಸುಮ್ನಿದ್ದೆ" ಎಂದರು. ಅಲ್ಲಿ ಹೋದ ಮೇಲೆ ತಿಳಿಯಿತು, ಕಾಗದದ ಮೇಲೆ ನಿಲ್ಲುವ ಅಕ್ಷರ ಬೋರ್ಡಿನ ಮೇಲೆ ನಿಲ್ಲುವುದಿಲ್ಲ. ಹಿಂದಿನ ಬೆಂಚಿನವರಿಗೆ ಕಾಣುವಷ್ಟು ದೊಡ್ಡದಾಗಿ ಬರೆದರೆ ಅಕ್ಷರದ ಹೊಟ್ಟೆ ಜೋತು ಬೀಳುತ್ತದೆ. ಆರು ದಿನದಲ್ಲಿ ಆದಷ್ಟು ಮಾಡಿದೆ.

ಒಂದನೇ ತಾರೀಖು ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಬಂದರು. ತಾರೀಖು ಬರೆಯಿರಿ, ವಿಷಯ ಬರೆಯಿರಿ, ಏಳನೇ ಕ್ಲಾಸಿನ ಒಂದು ಲೆಕ್ಕ ಬಿಡಿಸಿ ಎಂದರು. ಸೀಮೆಸುಣ್ಣ ಎರಡು ಸಲ ಮುರಿಯಿತು. ಸಾಲು ಮೇಲಕ್ಕೆ ಹತ್ತುತ್ತಾ ಹೋಯಿತು. ಕಿಟಕಿಯ ಹೊರಗೆ ಹುಡುಗರು ನಿಂತಿದ್ದರು. ಲೆಕ್ಕ ಮುಗಿಯುವ ಹೊತ್ತಿಗೆ ಅವರು ಗಡಿಯಾರ ನೋಡಿದರು. ಹದಿನೆಂಟು ನಿಮಿಷ.

"ಲೆಕ್ಕ ಸರಿಯಿದೆ ಮೇಷ್ಟ್ರೇ. ಓದೋದಕ್ಕೂ ಆಗುತ್ತೆ. ಆದ್ರೆ ಏಳನೇ ಕ್ಲಾಸಿಗೆ ಈ ವೇಗ ಸಾಲದು, ಪರೀಕ್ಷೆಗೆ ಕೂರೋ ಮಕ್ಕಳು. ಒಂದನೇ ಕ್ಲಾಸು ತಗೊಳ್ಳಿ. ದಸರಾ ಆದ್ಮೇಲೆ ಬಂದು ಮತ್ತೆ ನೋಡ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಒಂದನೇ ಕ್ಲಾಸಿನ ಕೋಣೆಗೆ ನಾನು ಕಾಲಿಟ್ಟವನಲ್ಲ. ಅಲ್ಲಿರುವ ಮೇಷ್ಟರನ್ನು ಕಂಡು ನಗುತ್ತಿದ್ದವನು. ಆಗುವುದಿಲ್ಲ ಎಂದು ಹೇಳಿ ಹೊರಟು ಬರೋಣ ಅನ್ನಿಸಿತು, ಬಾಗಿಲ ತನಕ ನಡೆದೂ ಇದ್ದೆ. ಕಿಟಕಿಯ ಹುಡುಗರು ನನ್ನನ್ನೇ ನೋಡುತ್ತಿದ್ದರು. ಅವತ್ತು ನಾರಿನ ಮಿಷನ್ ಹತ್ತಿರ ಆಳುಗಳು ನೋಡುತ್ತಿದ್ದ ಹಾಗೆಯೇ. ಹಿಂದಕ್ಕೆ ಬಂದು ಒಂದನೇ ಕ್ಲಾಸಿನ ಹಾಜರಿ ಪುಸ್ತಕ ಕೊಡಿ ಎಂದೆ.

ಇನ್ನು ನಾನು ಬರೆಯುತ್ತೇನೆ.

ಶುಕ್ರವಾರ ಮೊದಲ ಪಾಠ. ಮೂವತ್ತೊಂದು ಮಕ್ಕಳು. ಬೋರ್ಡಿನ ಮೇಲೆ ಅ ಬರೆದೆ. ಹೊಟ್ಟೆ ಜೋತು ಬಿತ್ತು. ಗೊಲ್ಲರಹಟ್ಟಿಯ ಒಂದು ಹುಡುಗಿ, ಕ್ಯಾತಮ್ಮ ಅಂತ, ಸ್ಲೇಟು ಎತ್ತಿ ತೋರಿಸಿದಳು. "ಮೇಷ್ಟ್ರೇ, ನಿಮ್ದೂ ಬಿತ್ತಾ? ನಂದೂ ಬೀಳ್ತೈತೆ" ಎಂದಳು. ಹಿಂದೆಲ್ಲ ಆಗಿದ್ದರೆ ಗದರುತ್ತಿದ್ದೆ. ಅಳಿಸಿದೆ. ಅವಳೂ ಅಳಿಸಿದಳು.

"ಇನ್ನೊಂದ್ಸಲ ಬರೀಲಾ?"

"ಬರಿ. ನಾನೂ ಬರೀತೀನಿ."

"ಯಾರ್ದು ನಿಲ್ತೈತೋ ನೋಡಾನ."

ಅವಳದು ಅವತ್ತು ಸಂಜೆಗೇ ನಿಂತಿತು. ನನ್ನದು ಶನಿವಾರ.

ತೋಂಟದಾರ್ಯ